ಎಲ್ಲವೂ ‘ಥರ್ಮೋಸ್ಟಾಟ್’ ಆದಾಗ: ಆರು ಸಾಧನಗಳಿಗೆ ಹೆಸರಿಟ್ಟ ದಾಖಲೆ

ತಾಪವನ್ನು ಹಿಡಿತದಲ್ಲಿಡುವ ಆರನೆಯ ಥರ್ಮೋಸ್ಟಾಟನ್ನು, ಮನೆಯ ಸಾಧನಗಳನ್ನೆಲ್ಲ ಒಂದೆಡೆಯಿಂದ ನಡೆಸುವ ತಂತ್ರಾಂಶವಾದ ಹೋಮ್ ಅಸಿಸ್ಟೆಂಟ್‌ಗೆ ಜೋಡಿಸಿದ ಮೇಲೆ ಸಾಧನಗಳ ಪಟ್ಟಿ ನೋಡಿದರೆ ಏನೂ ಅರ್ಥವಾಗದ ಸ್ಥಿತಿ ಬಂದಿತು. ಗೋಡೆಯ ಮೇಲಿನ ಎರಡೂ ಪರದೆಯಲ್ಲಿ ‘ಥರ್ಮೋಸ್ಟಾಟ್’ ಎಂದೇ ಕಾಣುತ್ತಿದ್ದವು. ಒಳಗಿನ ಐಡಿಯಲ್ಲಿ ಮಾತ್ರ ಎರಡನೆಯದಕ್ಕೆ ಅಡಿಗೆರೆಯೂ 2 ಎಂಬ ಅಂಕಿಯೂ ಅಂಟಿಕೊಂಡಿದ್ದವು. ನೆಲದಡಿಯ ತಾಪನವನ್ನು ನೋಡಿಕೊಳ್ಳುವ ಸಾಧನ ತನ್ನ ಮಾದರಿ ಸಂಖ್ಯೆಯನ್ನೇ ಹೆಸರಾಗಿ ಹೊತ್ತು ಬಂದಿತ್ತು. ರೇಡಿಯೇಟರ್ ವಾಲ್ವ್‌ಗಳ ಮೇಲೆ ಕೂರುವ, ಜಿಗ್‌ಬೀ ಎಂಬ ನಿಸ್ತಂತು ಸಂಪರ್ಕದ ಮೂರು ಥರ್ಮೋಸ್ಟಾಟ್‌ಗಳಿಗೆ ಹೆಸರೇ ಇರಲಿಲ್ಲ. ಹೆಸರಿನ ಜಾಗದಲ್ಲಿ ಹದಿನಾರು ಅಂಕಿ-ಅಕ್ಷರಗಳ ವಿಳಾಸವಿತ್ತು.

ರಾತ್ರಿ ಹೊತ್ತು ತಾಪ ಇಳಿಸುವ ಆಟೊಮೇಷನ್ (ತಾನಾಗಿ ನಡೆಯುವ ಆಜ್ಞೆಗಳ ಸರಣಿ) ಬರೆಯುವುದು ಮುಂದಿನ ಕೆಲಸವಾಗಿತ್ತು. ಯಾವ ಸಾಲು ಯಾವ ಕೋಣೆಯದು ಎಂದು ತಿಳಿಯದೆ ಅದನ್ನು ಬರೆಯುವುದರಲ್ಲಿ ಅರ್ಥವಿಲ್ಲ. ಹಾಗಾಗಿ ಆಟೊಮೇಷನ್ ಬದಿಗಿಟ್ಟು ಹೆಸರಿನ ಕೆಲಸಕ್ಕೆ ಕುಳಿತೆ. ದೀಪಕ್ಕೆ ತಪ್ಪು ಹೆಸರಿದ್ದರೆ ಬೇರೆ ದೀಪ ಹತ್ತುತ್ತದೆ, ಆ ಕ್ಷಣವೇ ಕಣ್ಣಿಗೆ ಬೀಳುತ್ತದೆ. ಥರ್ಮೋಸ್ಟಾಟಿನ ಹೆಸರು ತಪ್ಪಿದರೆ ಗಂಟೆಗಳ ಬಳಿಕ ಒಂದು ಕೋಣೆ ತಣ್ಣಗಾಗಿರುತ್ತದೆ, ಇನ್ನೊಂದು ಸೆಖೆಯಲ್ಲಿ ಬೇಯುತ್ತಿರುತ್ತದೆ. ಕಾರಣ ಹುಡುಕಲು ಹೊರಡುವ ಹೊತ್ತಿಗೆ ಯಾರೋ ಕೈಯಿಂದ ಗುಂಡಿ ತಿರುಗಿಸಿ ಸಾಕ್ಷ್ಯವನ್ನೇ ಅಳಿಸಿಬಿಟ್ಟಿರುತ್ತಾರೆ. ಬಾಯ್ಲರ್ ಮಾತ್ರ ಅಷ್ಟೂ ಹೊತ್ತು ಇಂಧನ ಸುಡುತ್ತಲೇ ಇರುತ್ತದೆ.

ವ್ಯವಸ್ಥೆಯ ರಚನೆಯನ್ನು ಮೊದಲು ಹೇಳಿಬಿಡುತ್ತೇನೆ. ಒಂದು ಬಾಯ್ಲರ್ ನೀರು ಕಾಯಿಸುತ್ತದೆ. ಆ ನೀರು ಎರಡು ವಲಯಗಳಿಗೆ ಹಂಚಿಹೋಗುತ್ತದೆ; ಪ್ರತಿ ವಲಯದ ಬಾಯಲ್ಲಿ ಮೋಟಾರು ಇರುವ ಒಂದು ವಾಲ್ವ್, ಅದಕ್ಕೆ ಆಜ್ಞೆ ಕೊಡಲು ಗೋಡೆಯ ಮೇಲೆ ಒಂದು ಥರ್ಮೋಸ್ಟಾಟ್. ಮೇಲಿನ ಮಹಡಿಯ ಓದುಕೋಣೆಯ ಒಂದು ರೇಡಿಯೇಟರಿಗೂ ಪೂರ್ವದ ಮಲಗುವ ಕೋಣೆಯ ಎರಡು ರೇಡಿಯೇಟರುಗಳಿಗೂ ಬ್ಯಾಟರಿಯಿಂದ ನಡೆಯುವ ವಾಲ್ವ್ ಥರ್ಮೋಸ್ಟಾಟ್‌ಗಳಿವೆ. ಬಚ್ಚಲಿನಲ್ಲಿ ನೀರಿನ ರೇಡಿಯೇಟರ್ ಇಲ್ಲ. ಟೈಲ್ಸ್ ಕೆಳಗೆ ವಿದ್ಯುತ್ ತಾಪನದ ಕೇಬಲ್ ಇದೆ, ಅದರ ಥರ್ಮೋಸ್ಟಾಟ್ ಬಾಗಿಲ ಹೊರಗಿನ ಗೋಡೆಯಲ್ಲಿದೆ.

ತೂಗುವ ಜಾಗ, ಅಳೆಯುವ ಜಾಗ, ಬಿಸಿ ಮಾಡುವ ಜಾಗ

ಹೆಸರಿಡುವಾಗ ಎಲ್ಲರ ಕೈಗೂ ಮೊದಲು ಸಿಗುವುದು ಸಾಧನ ಎಲ್ಲಿ ತೂಗುತ್ತಿದೆ ಎಂಬ ಸಂಗತಿ. ‘ಹಾಲ್ ಥರ್ಮೋಸ್ಟಾಟ್’, ‘ಪ್ಯಾಸೇಜ್ ಥರ್ಮೋಸ್ಟಾಟ್’ ಎಂದು ಬರೆದು ಮುಗಿಸುತ್ತೇವೆ. ಬಲ್ಬಿಗೆ ಇದು ಸಾಕು, ಏಕೆಂದರೆ ಅದು ಇರುವ ಜಾಗಕ್ಕೇ ಬೆಳಕು ಕೊಡುತ್ತದೆ. ಥರ್ಮೋಸ್ಟಾಟಿನ ವಿಷಯದಲ್ಲಿ ಮೂರು ಜಾಗಗಳು ಬೇರೆಬೇರೆಯಾಗಿರಬಹುದು: ಅದು ತೂಗುವುದು ಒಂದು ಕಡೆ, ತಾಪ ಅಳೆಯುವುದು ಇನ್ನೊಂದು ಕಡೆ, ಬಿಸಿ ಮಾಡುವುದು ಮತ್ತೊಂದು ಕಡೆ. ಬಚ್ಚಲಿನದನ್ನೇ ನೋಡಿ: ಪೆಟ್ಟಿಗೆ ಬಾಗಿಲ ಹೊರಗಿದೆ, ಸೆನ್ಸರಿನ ತುದಿ ಟೈಲ್ಸ್ ಅಡಿಯಲ್ಲಿದೆ, ಬಿಸಿಯಾಗುವುದು ನೆಲ. ಮೇಲಿನ ಪ್ಯಾಸೇಜಿನ ಥರ್ಮೋಸ್ಟಾಟ್ ಪ್ಯಾಸೇಜಿನ ಗಾಳಿಯನ್ನು ಅಳೆಯುತ್ತದೆ, ಆದರೆ ನೀರು ಬಿಡುವುದು ಅಕ್ಕಪಕ್ಕದ ಎಲ್ಲ ಕೋಣೆಗಳಿಗೂ.

ಮನೆಯಲ್ಲಿ ಇರುವವರು ಥರ್ಮೋಸ್ಟಾಟಿನ ಹೆಸರು ಹುಡುಕುವುದು ಒಂದೇ ಕಾರಣಕ್ಕೆ: ಎಲ್ಲೋ ಚಳಿಯಾಗುತ್ತಿದೆ ಅಥವಾ ಸೆಖೆಯಾಗುತ್ತಿದೆ. ಅವರಿಗೆ ಬೇಕಿರುವುದು ಆ ಜಾಗವನ್ನು ಬಿಸಿ ಮಾಡುವ ಸಾಧನ. ಆದ್ದರಿಂದ ಹೆಸರು ಬಿಸಿಯಾಗುವ ಜಾಗದಿಂದ ಬರಬೇಕು ಎಂಬುದನ್ನು ಮೊದಲ ನಿಯಮವಾಗಿ ಇಟ್ಟುಕೊಂಡೆ. ಈ ಇಡೀ ಕೆಲಸದಲ್ಲಿ ನಾನು ಬಿಟ್ಟುಕೊಡದ ನಿಯಮ ಇದೊಂದೇ.

ಸಾಧನ ತೂಗುವ ಜಾಗವೂ ಬೇಡವಾದ ಮಾಹಿತಿಯೇನಲ್ಲ. ಬ್ಯಾಟರಿ ಬದಲಿಸಲು ಏಣಿ ಎಲ್ಲಿಗೆ ಒಯ್ಯಬೇಕು ಎಂದು ತಿಳಿಯಲು ಅದು ಬೇಕು. ಅದಕ್ಕೆ ಹೋಮ್ ಅಸಿಸ್ಟೆಂಟಿನಲ್ಲಿ ‘ಏರಿಯಾ’ ಎಂಬ ಪ್ರತ್ಯೇಕ ಕಾಲಂ ಇದೆ. 2024ರ ಏಪ್ರಿಲ್ ಆವೃತ್ತಿಯಿಂದ ಮಹಡಿಗಳೂ ಲೇಬಲ್‌ಗಳೂ ಬಂದಿವೆ. ಹೀಗಾಗಿ ಪೆಟ್ಟಿಗೆ ಇರುವ ಜಾಗ ಏರಿಯಾಕ್ಕೆ ಹೋಯಿತು, ಬಿಸಿಯಾಗುವ ಜಾಗ ಹೆಸರಿಗೆ ಹೋಯಿತು, ‘ರಾತ್ರಿ ಇಳಿಕೆ’, ‘ಬ್ಯಾಟರಿಯದು’ ಎಂಬಂಥ ಗುಂಪುಗಳು ಲೇಬಲ್‌ಗೆ ಹೋದವು. ಒಂದೇ ಹೆಸರಿನೊಳಗೆ ಮಹಡಿ, ಕೋಣೆ, ಕಂಪನಿ, ಮಾದರಿ, ಕ್ರಮಸಂಖ್ಯೆ ಎಲ್ಲವನ್ನೂ ತುರುಕುವ ಅಗತ್ಯ ಇದರಿಂದ ತಪ್ಪಿತು.

ಯಾವುದು ಯಾವುದು ಎಂದು ಪತ್ತೆ ಹಚ್ಚಿದ್ದು

ಹೆಸರು ಬರೆಯುವ ಮೊದಲು ಪ್ರತಿ ಸಾಧನ ನಿಜವಾಗಿ ಏನನ್ನು ಬಿಸಿ ಮಾಡುತ್ತದೆ ಎಂಬುದನ್ನು ಕೈ ಮುಟ್ಟಿ ನೋಡಲೇಬೇಕು. ಕೊಳವೆ ಹಾಕಿದವರ ನಕ್ಷೆಯನ್ನೂ ನಂಬುವಂತಿಲ್ಲ, ನಮ್ಮ ಊಹೆಯನ್ನೂ ನಂಬುವಂತಿಲ್ಲ.

ಆರರ ಗುರಿ ತಾಪಮಾನವನ್ನೂ 5 ಡಿಗ್ರಿಗೆ ಇಳಿಸಿದೆ. ನೀರು ಹೆಪ್ಪುಗಟ್ಟದಂತೆ ಕಾಯಲು ಅನೇಕ ಥರ್ಮೋಸ್ಟಾಟ್‌ಗಳಲ್ಲಿ ಇರುವ ಕನಿಷ್ಠ ಮಟ್ಟ ಅದು. ಮನೆಯೊಳಗೆ ಯಾವುದಕ್ಕೂ ಬಿಸಿ ಬೇಡ ಎಂದು ಹೇಳಿದಂತೆ. ಎಲ್ಲ ಸಾಧನಗಳ ಕ್ರಿಯೆಯ ಸ್ಥಿತಿ ‘ಸುಮ್ಮನಿದೆ’ ಎಂದು ತೋರಿಸಿ, ರೇಡಿಯೇಟರುಗಳು ತಣ್ಣಗಾಗುವವರೆಗೂ ಕಾದೆ. ಆಮೇಲೆ ಒಂದನ್ನು ಮಾತ್ರ 25ಕ್ಕೆ ಏರಿಸಿ, ಮನೆಯೆಲ್ಲ ಸುತ್ತಿ ಪ್ರತಿ ರೇಡಿಯೇಟರಿನ ಒಳಬರುವ ಕೊಳವೆಯನ್ನು ಮುಟ್ಟಿ ನೋಡಿದೆ.

ಇಲ್ಲಿ ಸರದಿ ಮುಖ್ಯ. ವಾಲ್ವ್ ಥರ್ಮೋಸ್ಟಾಟ್‌ಗಳು ಮೇಲಿನ ವಲಯದೊಳಗಿವೆ. ವಲಯದ ದೊಡ್ಡ ವಾಲ್ವ್ ಮುಚ್ಚಿದ್ದರೆ ರೇಡಿಯೇಟರಿನ ಚಿಕ್ಕ ವಾಲ್ವ್ ಎಷ್ಟು ತೆರೆದರೂ ಬಿಸಿನೀರು ಬರುವುದಿಲ್ಲ. ಆದ್ದರಿಂದ ಮೊದಲು ಗೋಡೆಯ ಎರಡನ್ನು ಒಂದೊಂದಾಗಿ ಪರೀಕ್ಷಿಸಿ, ನಂತರ ಮೇಲಿನ ವಲಯವನ್ನು ತೆರೆದಿಟ್ಟುಕೊಂಡೇ ಮೂರು ವಾಲ್ವ್‌ಗಳನ್ನು ಪರೀಕ್ಷಿಸಬೇಕು. ವಲಯದ ವಾಲ್ವ್ ಪೂರ್ತಿ ತೆರೆದ ಮೇಲೆಯೇ ಅದರೊಳಗಿನ ಸ್ವಿಚ್ ಬಾಯ್ಲರಿಗೆ ಸಂಕೇತ ಕಳಿಸುವುದರಿಂದ, ಆಜ್ಞೆ ಕೊಟ್ಟೊಡನೆ ಏನೂ ಆಗಲಿಲ್ಲವೆಂದು ಗಾಬರಿಪಡಬಾರದು. ಬ್ಯಾಟರಿಯ ಜಿಗ್‌ಬೀ ಸಾಧನಗಳು ಶಕ್ತಿ ಉಳಿಸಲು ಹೆಚ್ಚು ಹೊತ್ತು ನಿದ್ರಿಸುತ್ತವೆ, ಎಚ್ಚರವಾದಾಗಲೇ ಆಜ್ಞೆ ಪಡೆಯುತ್ತವೆ. ಅವುಗಳಿಗೆ ಇನ್ನೂ ಹೆಚ್ಚು ತಾಳ್ಮೆ ಬೇಕು. ಮೋಟಾರಿನ ಸಣ್ಣ ಗುರ್ ಸದ್ದು ಕೇಳಿದರೆ ಅದೇ ಗುರುತು.

ಈ ಸುತ್ತಾಟದಲ್ಲಿ ಒಂದು ಸಂಗತಿ ಹೊರಬಿತ್ತು. ಮೆಟ್ಟಿಲಿನ ಕೆಳಗಿನ ರೇಡಿಯೇಟರ್ ಕೆಳಮಹಡಿಯಲ್ಲಿದ್ದರೂ ಬಿಸಿಯಾದದ್ದು ಮೇಲಿನ ಥರ್ಮೋಸ್ಟಾಟ್ ಏರಿಸಿದಾಗ. ಮೇಲಕ್ಕೆ ಹೋಗುವ ಕೊಳವೆಯಿಂದಲೇ ಅದಕ್ಕೊಂದು ಕವಲು ತೆಗೆದಿದ್ದರು. ಮೆಟ್ಟಿಲ ಬಳಿ ಚಳಿಯೆಂದು ಕೆಳಗಿನ ಥರ್ಮೋಸ್ಟಾಟನ್ನು ಏರಿಸಿದರೆ ಹಾಲ್ ಮತ್ತು ಅಡುಗೆಮನೆ ಕಾಯುತ್ತಿದ್ದವೇ ಹೊರತು ಮೆಟ್ಟಿಲಿಗೆ ಏನೂ ಸಿಗುತ್ತಿರಲಿಲ್ಲ. ಪೆಟ್ಟಿಗೆ ಇರುವ ಜಾಗ ನೋಡಿ ಹೆಸರಿಟ್ಟಿದ್ದರೆ ಈ ಗೊಂದಲ ಹಾಗೆಯೇ ಉಳಿಯುತ್ತಿತ್ತು.

ಮೂರು ವಾಲ್ವ್‌ಗಳನ್ನು ಗುರುತಿಸುತ್ತ ಹೋದಂತೆ ಪ್ರತಿಯೊಂದರ ಬ್ಯಾಟರಿ ಮುಚ್ಚಳದ ಒಳಭಾಗಕ್ಕೆ ಚಿಕ್ಕ ಚೀಟಿ ಅಂಟಿಸಿದೆ. ಅದರಲ್ಲಿ ಬರೆದದ್ದು ವಿಳಾಸದ ಕೊನೆಯ ನಾಲ್ಕು ಅಂಕಿ-ಅಕ್ಷರಗಳು ಮಾತ್ರ. ಜಿಗ್‌ಬೀ ವಿಳಾಸ 64 ಬಿಟ್‌ನದು; ಅದರ ಮೊದಲ ಭಾಗ ತಯಾರಕರನ್ನು ಸೂಚಿಸುವುದರಿಂದ ಒಂದೇ ಮಾದರಿಯ ಸಾಧನಗಳಲ್ಲಿ ಸಾಮಾನ್ಯವಾಗಿ ಒಂದೇ ಆಗಿರುತ್ತದೆ. ವ್ಯತ್ಯಾಸ ಸಿಗುವುದು ಬಾಲದಲ್ಲಿ. ಕಾರ್ಖಾನೆಯ ಚೀಟಿಯಲ್ಲಿ ವಿಳಾಸವಿದ್ದರೂ ಅದನ್ನು ಓದಲು ಸಾಧನವನ್ನು ರೇಡಿಯೇಟರಿನಿಂದ ಬಿಚ್ಚಬೇಕಾಗುತ್ತದೆ. ಬಿಚ್ಚಿ ಮತ್ತೆ ಕೂರಿಸಿದರೆ ಅದು ವಾಲ್ವಿನ ಚಲನೆಯನ್ನು ಮತ್ತೆ ಅಳೆದುಕೊಳ್ಳಬೇಕಾಗುತ್ತದೆ. ಮುಚ್ಚಳದ ಚೀಟಿ ಈ ಶ್ರಮವನ್ನು ಉಳಿಸುತ್ತದೆ. ಚೀಟಿಯ ಮೇಲೆ ಕೋಣೆಯ ಹೆಸರನ್ನು ಬೇಕೆಂದೇ ಬರೆಯಲಿಲ್ಲ. ವಾಲ್ವ್ ನಾಳೆ ಬೇರೆ ಕೋಣೆಗೆ ಹೋಗಬಹುದು, ವಿಳಾಸ ಅದರ ಜೊತೆಗೇ ಹೋಗುತ್ತದೆ.

ಹೆಸರುಗಳು

ಕೊನೆಗೆ ನಿಂತ ಹೆಸರುಗಳು ಇವು: ಕೆಳ ವಲಯ, ಮೇಲಿನ ವಲಯ, ಓದುಕೋಣೆ ರೇಡಿಯೇಟರ್, ಪೂರ್ವಕೋಣೆ ಕಿಟಕಿ, ಪೂರ್ವಕೋಣೆ ಬಾಗಿಲು, ಬಚ್ಚಲ ನೆಲ.

‘ಥರ್ಮೋಸ್ಟಾಟ್’ ಎಂಬ ಪದ ಇವುಗಳಲ್ಲಿ ಎಲ್ಲೂ ಇಲ್ಲ. ಆರರಲ್ಲೂ ಇರುವ ಪದ ಯಾವುದನ್ನೂ ಬೇರ್ಪಡಿಸುವುದಿಲ್ಲ. ಫೋನಿನ ಚಿಕ್ಕ ಪರದೆಯಲ್ಲಿ ಹೆಸರಿನ ಕೊನೆ ಕತ್ತರಿಸಿ ಹೋದಾಗ ಉಳಿಯುವುದು ಮೊದಲ ಪದ ಮಾತ್ರ, ಆದ್ದರಿಂದ ಭೇದ ತೋರಿಸುವ ಪದ ಮೊದಲೇ ಬರಬೇಕು. ‘ವಲಯ’ ಎಂಬ ಪದವನ್ನು ಗೋಡೆಯ ಎರಡಕ್ಕೆ ಮಾತ್ರ ಮೀಸಲಿಟ್ಟಿದ್ದೇನೆ. ಅದು ಕಂಡರೆ ಈ ಸಾಧನ ಒಂದು ಕೋಣೆಯದ್ದಲ್ಲ, ಇದನ್ನು ಇಳಿಸಿದರೆ ಇದರ ವಲಯದ ಎಲ್ಲ ರೇಡಿಯೇಟರುಗಳಿಗೂ ನೀರು ನಿಲ್ಲುತ್ತದೆ ಎಂದು ತಿಳಿಯಬೇಕು. ಮೇಲಿನದಕ್ಕೆ ‘ಮೇಲ್ಮಹಡಿ’ ಎನ್ನದೆ ‘ಮೇಲಿನ ವಲಯ’ ಎಂದದ್ದು ಮೆಟ್ಟಿಲ ಕೆಳಗಿನ ಆ ರೇಡಿಯೇಟರಿನಿಂದಾಗಿ.

ಜನರ ಹೆಸರಿನಿಂದ ಕೋಣೆಯನ್ನು ಕರೆಯುವ ಅಭ್ಯಾಸವನ್ನು ಇಲ್ಲಿ ದೂರವಿಟ್ಟೆ. ಮಕ್ಕಳು ಕೋಣೆ ಬದಲಿಸುತ್ತಾರೆ, ಅತಿಥಿಗಳ ಕೋಣೆ ಕಚೇರಿಯಾಗುತ್ತದೆ. ದಿಕ್ಕು, ಕಿಟಕಿ, ಬಾಗಿಲು ಇದ್ದಲ್ಲೇ ಇರುತ್ತವೆ. ಒಂದೇ ಕೋಣೆಯ ಎರಡು ರೇಡಿಯೇಟರುಗಳಿಗೆ 1, 2 ಎಂಬ ಅಂಕಿಗಳನ್ನು ಕೊಡದಿರಲೂ ಇದೇ ಕಾರಣ. ಯಾವುದು ಒಂದು, ಯಾವುದು ಎರಡು ಎಂಬುದು ಹೆಸರಿಟ್ಟವನ ನೆನಪಿನಲ್ಲಿ ಮಾತ್ರ ಇರುತ್ತದೆ. ಕಿಟಕಿಯ ಕೆಳಗಿನದು ಯಾವುದು ಎಂದು ಕೋಣೆಗೆ ಕಾಲಿಟ್ಟ ಯಾರಾದರೂ ಹೇಳಬಲ್ಲರು.

‘ಬಚ್ಚಲ ನೆಲ’ ಎಂಬುದರಲ್ಲಿ ನೆಲ ಎಂಬ ಪದವನ್ನು ಉಳಿಸಿಕೊಳ್ಳಲು ಬಲವಾದ ಕಾರಣವಿದೆ. ಆ ಸಾಧನದಲ್ಲಿ ಎರಡು ಸೆನ್ಸರ್‌ಗಳಿವೆ, ಒಂದು ಗಾಳಿಗೆ, ಒಂದು ನೆಲಕ್ಕೆ. ನಾನು ಅದನ್ನು ನೆಲದ ಸೆನ್ಸರ್ ನೋಡಿ ನಡೆಯುವಂತೆ ಹೊಂದಿಸಿದ್ದೇನೆ. ಕೋಣೆಗೆ 22 ಡಿಗ್ರಿ ಎಂದರೆ ಹಿತ, ಟೈಲ್ಸ್‌ಗೆ 22 ಎಂದರೆ ಪಾದಕ್ಕೆ ತಣ್ಣನೆಯ ಅನುಭವ. ಹೆಸರಿನಲ್ಲಿ ನೆಲ ಇಲ್ಲದಿದ್ದರೆ ಇನ್ನೊಬ್ಬರು ಕೋಣೆಯ ಲೆಕ್ಕದಲ್ಲಿ ಅಂಕಿ ಹಾಕುತ್ತಾರೆ, ಸಾಲದೆಂದು ಏರಿಸುತ್ತಲೇ ಹೋಗುತ್ತಾರೆ. ನೀರಿನ ನೆಲತಾಪನಕ್ಕಿರುವ ಯುರೋಪಿನ ಇಎನ್ 1264 ಮಾನದಂಡ ಜನ ಓಡಾಡುವ ಜಾಗದ ನೆಲದ ಮೇಲ್ಮೈಗೆ 29 ಡಿಗ್ರಿ, ಬಚ್ಚಲಿಗೆ 33 ಡಿಗ್ರಿ ಮಿತಿ ಹಾಕುತ್ತದೆ. ನಮ್ಮದು ವಿದ್ಯುತ್ತಿನದಾದರೂ ಗರಿಷ್ಠ ಗುರಿಯನ್ನು ಆ ಮಿತಿಯೊಳಗೇ ಕಟ್ಟಿಹಾಕಿದೆ.

ಒಂದು ಸಾಧನ, ಹಲವು ಹೆಸರುಗಳು

ಒಂದು ಥರ್ಮೋಸ್ಟಾಟಿಗೆ ಎಷ್ಟು ಕಡೆ ಹೆಸರಿರುತ್ತದೆ ಎಂದು ಬರೆದುಕೊಳ್ಳದೆ ಬದಲಾವಣೆಗೆ ಕೈ ಹಾಕಬಾರದು. ಓದುಕೋಣೆಯ ವಾಲ್ವಿಗೆ ಹೀಗಿದ್ದವು: ಬದಲಾಗದ 64 ಬಿಟ್ ವಿಳಾಸ; ಜಿಗ್‌ಬೀ ಸಾಧನಗಳ ಸಂದೇಶಗಳನ್ನು ಹೋಮ್ ಅಸಿಸ್ಟೆಂಟಿಗೆ ತಲುಪಿಸುವ ಜಿಗ್‌ಬೀ2ಎಂಕ್ಯೂಟಿಟಿ ತಂತ್ರಾಂಶದಲ್ಲಿನ ಹೆಸರು; ಹೋಮ್ ಅಸಿಸ್ಟೆಂಟಿನಲ್ಲಿ ಸಾಧನದ ಹೆಸರು; ಅದರಡಿ ಬರುವ ಪ್ರತಿ ಎಂಟಿಟಿಯ (ಸಾಧನದ ಒಂದೊಂದು ಅಳತೆ ಅಥವಾ ನಿಯಂತ್ರಣದ) ಐಡಿ; ಪರದೆಯ ಮೇಲೆ ತೋರುವ ಎಂಟಿಟಿ ಹೆಸರು; ಧ್ವನಿ ಆಜ್ಞೆಗೆ ಇಡುವ ಅಡ್ಡಹೆಸರು. ಇವುಗಳಲ್ಲಿ ಯಂತ್ರ ಓದುವುದು ಯಾವುದು, ಮನುಷ್ಯರು ಓದುವುದು ಯಾವುದು ಎಂದು ವಿಂಗಡಿಸಿದರೆ ಕೆಲಸ ಹಗುರಾಗುತ್ತದೆ. ಐಡಿ ಯಂತ್ರಕ್ಕೆ, ಅದು ಒಮ್ಮೆ ನಿಂತರೆ ಮತ್ತೆ ಕದಲಬಾರದು. ತೋರುವ ಹೆಸರು ಮನುಷ್ಯರಿಗೆ. ಅದನ್ನು ಬೇಕಾದಾಗ ತಿದ್ದಬಹುದು, ಯಾವ ಆಟೊಮೇಷನ್ನೂ ಮುರಿಯುವುದಿಲ್ಲ.

ಕನ್ನಡದಲ್ಲಿ ಹೆಸರಿಡುವವರು ಗಮನಿಸಬೇಕಾದ ತಾಂತ್ರಿಕ ಸಂಗತಿ ಇಲ್ಲಿದೆ. ಹೋಮ್ ಅಸಿಸ್ಟೆಂಟಿನ ಎಂಟಿಟಿ ಐಡಿಯಲ್ಲಿ ಸಣ್ಣ ರೋಮನ್ ಅಕ್ಷರ, ಅಂಕಿ, ಅಡಿಗೆರೆ ಮಾತ್ರ ನಡೆಯುತ್ತವೆ. ಸಾಧನಕ್ಕೆ ಕನ್ನಡ ಹೆಸರು ಕೊಟ್ಟರೆ ವ್ಯವಸ್ಥೆ ಅದನ್ನು ತಾನೇ ಲಿಪ್ಯಂತರ ಮಾಡಿ ಐಡಿ ತಯಾರಿಸುತ್ತದೆ, ಆಗ ವ್ಯಂಜನದೊಳಗಿನ ‘ಅ’ಕಾರ ಬಿದ್ದುಹೋಗುತ್ತದೆ. ‘ಮಲಗುವ’ ಎಂಬುದು ಎಂ, ಎಲ್, ಜಿ, ಯು, ವಿ ಎಂಬ ಐದು ಅಕ್ಷರಗಳ ಮುದ್ದೆಯಾಗಿ ನಿಲ್ಲುತ್ತದೆ. ತಿಂಗಳ ನಂತರ ಆಟೊಮೇಷನ್ ಕಡತದಲ್ಲಿ ಅದನ್ನು ಓದಿ ಅರ್ಥ ಮಾಡಿಕೊಳ್ಳುವುದು ಕಷ್ಟ. ಹಾಗಾಗಿ ತೋರುವ ಹೆಸರನ್ನು ಕನ್ನಡದಲ್ಲೇ ಇಟ್ಟು, ಐಡಿಯನ್ನು ಕೈಯಾರೆ ಬರೆದೆ. ಕ್ಲೈಮೇಟ್.ಅಪ್ಪರ್_ಜೋನ್, ಕ್ಲೈಮೇಟ್.ಈಸ್ಟ್_ವಿಂಡೋ, ಕ್ಲೈಮೇಟ್.ಬಾತ್_ಫ್ಲೋರ್ ಈ ಬಗೆಯವು. ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ವ್ಯವಸ್ಥೆಯಲ್ಲಿ ಇವು ರೋಮನ್ ಅಕ್ಷರಗಳಲ್ಲಿವೆ.

ಗೋಡೆಯ ಎರಡು ಸಾಧನಗಳು, ಬೇರೆಬೇರೆ ಕಂಪನಿಗಳ ಸಾಧನಗಳು ಒಟ್ಟಿಗೆ ನಡೆಯಲೆಂದು ಮಾಡಿದ ಮ್ಯಾಟರ್ ಮಾನದಂಡದವು. 2022ರ ಅಕ್ಟೋಬರಿನಲ್ಲಿ ಮೊದಲ ಆವೃತ್ತಿ ಕಂಡ ಈ ಮಾನದಂಡದಲ್ಲಿ ‘ನೋಡ್ ಲೇಬಲ್’ ಎಂಬ ಜಾಗ ಸಾಧನದೊಳಗೇ ಇದೆ. ಬೇರೆ ನಿಯಂತ್ರಕಕ್ಕೆ ಜೋಡಿಸಿದರೂ ಆ ಹೆಸರು ಸಾಧನದ ಜೊತೆಗೇ ಹೋಗುತ್ತದೆ ಎಂಬುದು ದೊಡ್ಡ ಅನುಕೂಲ. ಆದರೆ ಅದರ ಮಿತಿ 32 ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಚಿಹ್ನೆಗೂ ಮೂರು ಬೈಟ್ ಬೇಕು. ಗುಣಿತದ ಚಿಹ್ನೆಯೂ ಪ್ರತ್ಯೇಕವಾಗಿ ಮೂರು ತಿನ್ನುತ್ತದೆ. ‘ಮಲಗುವ ಕೋಣೆ’ ಎಂಬಷ್ಟಕ್ಕೇ 28 ಬೈಟ್ ಆಗುತ್ತದೆ, ಅದರ ಮುಂದೆ ‘ಪೂರ್ವ’ ಎಂದು ಸೇರಿಸಲು ಜಾಗವಿಲ್ಲ. ‘ಮೇಲಿನ ವಲಯ’ಕ್ಕೆ 25, ‘ಕೆಳ ವಲಯ’ಕ್ಕೆ 19, ಎರಡೂ ಹಿಡಿಸಿದವು. ಹೆಸರು ಚಿಕ್ಕದಾಗಿರಲಿ ಎಂಬ ನನ್ನ ಆಸೆಗೆ ಬೈಟ್‌ಗಳ ಲೆಕ್ಕವೂ ಬೆಂಬಲ ಕೊಟ್ಟಿತು.

ಬದಲಾವಣೆಯ ದಿನ

ಮೊದಲು ಪೂರ್ತಿ ಬ್ಯಾಕಪ್. ನಂತರ ಎಲ್ಲಿಂದ ಆರಂಭಿಸಬೇಕು ಎಂಬ ಪ್ರಶ್ನೆ. ನಾನು ತಳದಿಂದ ಮೇಲಕ್ಕೆ ಹೋದೆ: ಜಿಗ್‌ಬೀ2ಎಂಕ್ಯೂಟಿಟಿಯಲ್ಲಿ ಮೂರು ವಾಲ್ವ್‌ಗಳ ಹೆಸರು, ಆಮೇಲೆ ಹೋಮ್ ಅಸಿಸ್ಟೆಂಟಿನಲ್ಲಿ ಸಾಧನಗಳ ಹೆಸರು, ಆಮೇಲೆ ಐಡಿಗಳು, ಕೊನೆಗೆ ಅಡ್ಡಹೆಸರುಗಳು. ಮೇಲಿನಿಂದ ಆರಂಭಿಸಿದರೆ ಕೆಳಗಿನ ಪದರ ಬದಲಾದಾಗ ಮೇಲಿನದನ್ನು ಮತ್ತೊಮ್ಮೆ ನೋಡಬೇಕಾಗುತ್ತದೆ.

ಜಿಗ್‌ಬೀ2ಎಂಕ್ಯೂಟಿಟಿಯ ಹೆಸರು ಬರಿಯ ಹೆಸರಲ್ಲ, ಸಂದೇಶ ಸಾಗುವ ಟಾಪಿಕ್‌ನ ಭಾಗವೂ ಹೌದು. ಹೆಸರು ಬದಲಿಸಿದೊಡನೆ ಟಾಪಿಕ್ ಬದಲಾಗುತ್ತದೆ. ಹಳೆಯ ಟಾಪಿಕ್‌ಗೆ ಕಿವಿಗೊಟ್ಟು ಕುಳಿತ ಯಾವ ಸ್ಕ್ರಿಪ್ಟಿಗೂ ದೋಷ ಸಂದೇಶ ಬರುವುದಿಲ್ಲ. ಮಾತು ನಿಂತುಹೋಗುತ್ತದೆ, ಅಷ್ಟೇ. ತಾಪ ದಾಖಲಿಸುವ ನನ್ನ ಒಂದು ಸ್ಕ್ರಿಪ್ಟ್ ಹೀಗೆ ಟಾಪಿಕ್ ಅನ್ನೇ ನೇರವಾಗಿ ಓದುತ್ತಿತ್ತು, ಅದನ್ನು ಜೊತೆಯಲ್ಲೇ ತಿದ್ದಿದೆ. ಇಲ್ಲಿ ಹೆಸರಿನೊಳಗೆ ಓರೆಗೆರೆ ಬಳಸಿ ಮಹಡಿ, ಕೋಣೆ ಎಂದು ಮೆಟ್ಟಿಲು ಕಟ್ಟಬಹುದು. ಓರೆಗೆರೆಯ ನಂತರ ಬರಿಯ ಅಂಕಿಯಿಂದ ಮುಗಿಯುವ ಹೆಸರನ್ನು ಮಾತ್ರ ಅದು ಒಪ್ಪುವುದಿಲ್ಲ, ಏಕೆಂದರೆ ಆ ರೂಪ ಸಾಧನದ ಒಳಗಿನ ಎಂಡ್‌ಪಾಯಿಂಟ್ ಎಂಬ ಉಪಘಟಕಗಳಿಗೆ ಮೀಸಲು. ಅಂಕಿಗಳನ್ನು ದೂರವಿಡಲು ಇನ್ನೊಂದು ಕಾರಣ ಸಿಕ್ಕಿದಂತಾಯಿತು.

ಹೋಮ್ ಅಸಿಸ್ಟೆಂಟಿನಲ್ಲಿ ಐಡಿ ಬದಲಿಸಿದಾಗ ಅದರ ಸ್ವಂತ ದಾಖಲೆಗಳಲ್ಲಿನ ಇತಿಹಾಸ ಹೊಸ ಐಡಿಯ ಜೊತೆ ಬರುತ್ತದೆ. ಆಟೊಮೇಷನ್, ಸ್ಕ್ರಿಪ್ಟ್, ಡ್ಯಾಶ್‌ಬೋರ್ಡ್, ಟೆಂಪ್ಲೇಟ್ ಇವುಗಳ ಒಳಗೆ ಬರೆದ ಹಳೆಯ ಐಡಿಗಳನ್ನು ನಾವೇ ಹುಡುಕಿ ತಿದ್ದಬೇಕು. ಪ್ರತಿ ಎಂಟಿಟಿಯ ‘ಸಂಬಂಧಿತ’ ಪುಟದಲ್ಲಿ ಅದು ಎಲ್ಲೆಲ್ಲಿ ಬಳಕೆಯಾಗಿದೆ ಎಂಬುದು ಬಹುಮಟ್ಟಿಗೆ ಕಾಣುತ್ತದೆ. ಅದನ್ನಷ್ಟೇ ನಂಬದೆ ಸಂರಚನೆಯ ಕಡತಗಳಲ್ಲಿ ಹಳೆಯ ಐಡಿಯನ್ನು ಪಠ್ಯವಾಗಿಯೇ ಹುಡುಕಿದೆ. ಟೆಂಪ್ಲೇಟಿನೊಳಗೆ ಅಡಗಿದ್ದ ಎರಡು ಉಲ್ಲೇಖಗಳು ಸಿಕ್ಕಿದ್ದು ಹೀಗೆ.

ಥರ್ಮೋಸ್ಟಾಟಿನ ಜೊತೆಗೆ ಬರುವ ಮರಿ ಎಂಟಿಟಿಗಳನ್ನು ಕಡೆಗಣಿಸಬಾರದು. ಒಂದು ವಾಲ್ವ್ ಸಾಧನದಿಂದಲೇ ಬ್ಯಾಟರಿ ಮಟ್ಟ, ವಾಲ್ವ್ ತೆರೆದ ಪ್ರಮಾಣ, ಕಿಟಕಿ ತೆರೆದಿದೆ ಎಂಬ ಪತ್ತೆ, ಮಕ್ಕಳ ಬೀಗ, ತಾಪಮಾನ ತಿದ್ದುಪಡಿ ಹೀಗೆ ಸಾಲುಸಾಲಾಗಿ ಬರುತ್ತವೆ. ಮುಖ್ಯ ಐಡಿ ಬದಲಿಸಿ ಇವನ್ನು ಬಿಟ್ಟರೆ, ‘ಈಸ್ಟ್_ವಿಂಡೋ’ದ ಬ್ಯಾಟರಿ ಇನ್ನೂ ಹದಿನಾರು ಅಕ್ಷರಗಳ ವಿಳಾಸದ ಹೆಸರಲ್ಲೇ ಕರೆ ಕೊಡುತ್ತದೆ. ಬ್ಯಾಟರಿ ಮುಗಿಯುತ್ತಿದೆ ಎಂಬ ಎಚ್ಚರಿಕೆ ಓದಿದವರಿಗೆ ಯಾವ ರೇಡಿಯೇಟರಿಗೆ ಹೋಗಬೇಕು ಎಂದು ಗೊತ್ತಾಗದಿದ್ದರೆ ಆ ಎಚ್ಚರಿಕೆಯಿಂದ ಪ್ರಯೋಜನವಿಲ್ಲ. ಸಾಧನದ ಹೆಸರು ಸರಿಯಾಗಿದ್ದರೆ ಎಂಟಿಟಿಯ ತೋರುವ ಹೆಸರು ಅದರ ಬಾಲದಲ್ಲಿ ತಾನಾಗಿ ಜೋಡಣೆಯಾಗುತ್ತದೆ: ‘ಪೂರ್ವಕೋಣೆ ಕಿಟಕಿ ಬ್ಯಾಟರಿ’. ಐಡಿಗಳನ್ನು ಮಾತ್ರ ಕುಳಿತು ತಿದ್ದಬೇಕಾಯಿತು. ಬೇಸರದ ಕೆಲಸ, ಆದರೆ ಬಿಡುವಂಥದ್ದಲ್ಲ.

ಕಿಟಕಿ ಎಂಬ ಪದ ಇಲ್ಲಿ ಒಂದು ಇಕ್ಕಟ್ಟು ತಂದಿತು. ‘ಪೂರ್ವಕೋಣೆ ಬಾಗಿಲು’ ಎಂಬ ಸಾಧನದ ಅಡಿಯಲ್ಲೂ ಕಿಟಕಿ ತೆರೆದಿರುವುದನ್ನು ಪತ್ತೆ ಹಚ್ಚುವ ಎಂಟಿಟಿ ಇದ್ದುದರಿಂದ ‘ಪೂರ್ವಕೋಣೆ ಬಾಗಿಲು ಕಿಟಕಿ’ ಎಂಬ ವಿಚಿತ್ರ ಹೆಸರು ಹುಟ್ಟಿತು. ವಾಲ್ವ್ ಈ ಪತ್ತೆ ಮಾಡುವುದು ತಾಪದ ದಿಢೀರ್ ಕುಸಿತ ನೋಡಿ. ಕಿಟಕಿಯನ್ನು ಅದು ಕಾಣುವುದೇ ಇಲ್ಲ. ಆದ್ದರಿಂದ ಎರಡರಲ್ಲೂ ಆ ಎಂಟಿಟಿಯ ಹೆಸರನ್ನು ‘ತಾಪ ಕುಸಿತ’ ಎಂದು ಬದಲಿಸಿದೆ. ಈ ಹೆಸರು ಅದು ಮಾಡುವ ಕೆಲಸಕ್ಕೆ ಹೆಚ್ಚು ಹತ್ತಿರ.

ಒಂದು ಕೋಣೆ, ಎರಡು ವಾಲ್ವ್

ಪೂರ್ವಕೋಣೆ ಅತಿ ಹೆಚ್ಚು ಯೋಚನೆ ಬೇಡಿತು. ಎರಡು ವಾಲ್ವ್‌ಗಳಿಗೂ ತಮ್ಮದೇ ಸೆನ್ಸರ್‌ಗಳಿವೆ, ಎರಡೂ ರೇಡಿಯೇಟರಿನ ಬಗಲಲ್ಲೇ ಇರುವುದರಿಂದ ಕೋಣೆಯ ನಡುವಿನ ತಾಪಕ್ಕಿಂತ ಹೆಚ್ಚು ತೋರಿಸುತ್ತವೆ, ಅದೂ ಬೇರೆಬೇರೆ ಪ್ರಮಾಣದಲ್ಲಿ. ಧ್ವನಿ ಆಜ್ಞೆಯಲ್ಲಿ ‘ಪೂರ್ವಕೋಣೆಗೆ 20 ಡಿಗ್ರಿ’ ಎಂದರೆ ವ್ಯವಸ್ಥೆಗೆ ಎರಡು ಸಾಧನಗಳು ಎದುರಾಗುತ್ತವೆ. ಎರಡೂ ಬೇರೆಬೇರೆ ಗುರಿಗೆ ನಿಂತರೆ ಒಂದು ರೇಡಿಯೇಟರ್ ಕೋಣೆಯ ಭಾರವನ್ನೆಲ್ಲ ಹೊರುತ್ತದೆ, ಇನ್ನೊಂದು ತಣ್ಣಗೆ ಕುಳಿತಿರುತ್ತದೆ.

ಕಿಟಕಿಯ ಬಳಿಯದನ್ನು ಮುಂದಾಳು ಎಂದು ನಿಗದಿ ಮಾಡಿದೆ. ‘ಪೂರ್ವಕೋಣೆ’ ಎಂಬ ಬರಿಯ ಅಡ್ಡಹೆಸರು ಅದೊಂದಕ್ಕೇ. ಬಾಗಿಲ ಬಳಿಯದನ್ನು ಧ್ವನಿ ಸಹಾಯಕಕ್ಕೆ ಕಾಣದಂತೆ ಮರೆಮಾಡಿದೆ. ಮುಂದಾಳುವಿನ ಗುರಿ ಬದಲಾದಾಗಲೆಲ್ಲ ಅದೇ ಅಂಕಿಯನ್ನು ಇನ್ನೊಂದಕ್ಕೂ ಬರೆಯುವ ಚಿಕ್ಕ ಆಟೊಮೇಷನ್ ಸೇರಿಸಿದೆ. ಕೋಣೆಯ ನಡುವಿನ ಕಪಾಟಿನ ಮೇಲೆ ಪ್ರತ್ಯೇಕ ತಾಪ ಸೆನ್ಸರ್ ಇಟ್ಟು, ಅದರ ಅಳತೆಗೆ ಹೊಂದುವಂತೆ ಎರಡೂ ವಾಲ್ವ್‌ಗಳ ತಿದ್ದುಪಡಿ ಅಂಕಿ ಹಾಕಿದೆ. ಆ ಸೆನ್ಸರಿನ ಹೆಸರು ‘ಪೂರ್ವಕೋಣೆ ಗಾಳಿ’. ಈಗ ಕೋಣೆಯ ಹೆಸರು ಹೇಳಿದರೆ ಒಂದು ಗುರಿ, ಒಂದು ಅಳತೆ. ಯಾವ ಆಜ್ಞೆ ಯಾರಿಗೆ ಹೋಯಿತು ಎಂಬ ಸಂದೇಹ ಉಳಿಯುವುದಿಲ್ಲ.

ಧ್ವನಿ ಆಜ್ಞೆಗೆ ಇಟ್ಟ ಇತರ ಅಡ್ಡಹೆಸರುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮನೆಯವರು ತಾವಾಗಿ ಬಳಸುವ ಮಾತನ್ನು ಕೆಲ ದಿನ ಕೇಳಿಸಿಕೊಂಡು ಅದನ್ನೇ ಸೇರಿಸಿದೆ. ‘ಕೆಳಗೆ’, ‘ಮೇಲೆ’, ‘ಓದುಕೋಣೆ’, ‘ಬಚ್ಚಲು’ ಇಷ್ಟು ಸಾಕಾದವು. ದೀಪಕ್ಕೋ ಕಿಟಕಿಯ ಪರದೆಗೋ ಇರುವ ಹೆಸರನ್ನು ಇಲ್ಲಿ ಮತ್ತೆ ಬಳಸದಂತೆ ನೋಡಿಕೊಂಡೆ.

ಪರೀಕ್ಷೆ ಬಂದದ್ದು

ಆಟೊಮೇಷನ್‌ಗಳನ್ನು ಬರೆಯುವಾಗ ಸಾಧನವನ್ನು ಆರಿಸುವ ದಾರಿಗಳು ಹಲವು. ‘ಸಾಧನ’ ಎಂದು ಆರಿಸಿದರೆ ಒಳಗೆ ದಾಖಲಾಗುವುದು ಉದ್ದನೆಯ ಗುರುತುಸಂಖ್ಯೆ. ಸಾಧನ ಹೋದರೆ ಅದೂ ಹೋಯಿತು. ನಾನು ಎಲ್ಲವನ್ನೂ ಎಂಟಿಟಿ ಐಡಿಯಿಂದ ಅಥವಾ ಲೇಬಲ್‌ನಿಂದ ಬರೆದಿದ್ದೆ. ರಾತ್ರಿ ತಾಪ ಇಳಿಸುವ ಆಟೊಮೇಷನ್ ‘ರಾತ್ರಿ ಇಳಿಕೆ’ ಎಂಬ ಲೇಬಲ್ಲಿಗೆ ಆಜ್ಞೆ ಕೊಡುತ್ತದೆ. ಆ ಲೇಬಲ್ ಕೆಳ ವಲಯ, ಓದುಕೋಣೆ ಮತ್ತು ಬಚ್ಚಲ ನೆಲಕ್ಕೆ ಮಾತ್ರ ಇದೆ. ಮೇಲಿನ ವಲಯವನ್ನು ಬಿಟ್ಟಿದ್ದೇನೆ, ಅದನ್ನು ಇಳಿಸಿದರೆ ಮಲಗಿದವರ ಕೋಣೆಗೂ ನೀರು ನಿಲ್ಲುತ್ತದೆ. ‘ವಲಯ’ ಎಂಬ ಪದ ಹೆಸರಿನಲ್ಲೇ ಇದ್ದುದರಿಂದ ಲೇಬಲ್ ಹಾಕುವಾಗ ಈ ಯೋಚನೆ ತಾನಾಗಿ ಬಂದಿತು.

ಕೆಲಕಾಲದ ನಂತರ ಓದುಕೋಣೆಯ ವಾಲ್ವ್ ಸಾಧನದ ಮೋಟಾರು ಸಿಕ್ಕಿಕೊಂಡು ನಿಂತಿತು, ಹೊಸದನ್ನು ಹಾಕಬೇಕಾಯಿತು. ವಾಲ್ವಿನ ತಿರುಪಿನ ಸುತ್ತು (ಥ್ರೆಡ್) ಎಂ30 × 1.5 ಅಳತೆಯದಾದ್ದರಿಂದ ಬೇರೆ ತಯಾರಕರ ಸಾಧನವೂ ನೇರವಾಗಿ ಕೂತಿತು. ಹಳೆಯದನ್ನು ವ್ಯವಸ್ಥೆಯಿಂದ ತೆಗೆದು, ಹೊಸದನ್ನು ಜೋಡಿಸಿ, ಅದಕ್ಕೆ ಅದೇ ಹೆಸರು, ಅದೇ ಐಡಿ, ಅದೇ ಲೇಬಲ್ ಕೊಟ್ಟೆ. ಹಳೆಯದನ್ನು ಮೊದಲೇ ತೆಗೆಯದಿದ್ದರೆ ಆ ಐಡಿ ಖಾಲಿಯಿರುವುದಿಲ್ಲ, ವ್ಯವಸ್ಥೆ ಮತ್ತೆ ಬಾಲಕ್ಕೆ 2 ಅಂಟಿಸಲು ಹೊರಡುತ್ತದೆ. ಈ ಕ್ರಮ ತಪ್ಪಬಾರದು. ಯಾವ ಆಟೊಮೇಷನ್ನನ್ನೂ ತೆರೆಯಬೇಕಾಗಲಿಲ್ಲ. ಆ ರಾತ್ರಿ ಓದುಕೋಣೆಯ ತಾಪ ನಿಗದಿಯಾದ ಹೊತ್ತಿಗೇ ಇಳಿಯಿತು. ಹೆಸರಿನಲ್ಲಿ ತಯಾರಕರ ಮಾದರಿ ಸಂಖ್ಯೆ ಇದ್ದಿದ್ದರೆ ಅದು ಆ ದಿನವೇ ಸುಳ್ಳಾಗುತ್ತಿತ್ತು.

ಹೊಸ ಸಾಧನದಲ್ಲಿ ವಾಲ್ವ್ ತೆರೆದ ಪ್ರಮಾಣದ ಎಂಟಿಟಿ ಬೇರೆ ಬಾಲದೊಂದಿಗೆ ಬಂದಿತ್ತು. ಅದೊಂದರ ಐಡಿಯನ್ನು ಹಳೆಯ ರೂಪಕ್ಕೆ ತಂದೆ, ಡ್ಯಾಶ್‌ಬೋರ್ಡಿನ ನಕ್ಷೆ ಮತ್ತೆ ಗೆರೆ ಎಳೆಯತೊಡಗಿತು.

ಬಾಕಿ ಇರುವುದು ಹೊರಗಿನ ದತ್ತಸಂಚಯ. ದೀರ್ಘಕಾಲದ ಅಂಕಿಗಳನ್ನು ನಾನು ಇನ್‌ಫ್ಲಕ್ಸ್‌ಡಿಬಿಯಲ್ಲಿ ಇಡುತ್ತೇನೆ, ಅಲ್ಲಿ ಹಳೆಯ ಐಡಿಯಡಿ ಬರೆದದ್ದು ಹಳೆಯ ಐಡಿಯಲ್ಲೇ ಉಳಿದಿದೆ. ಹೆಸರು ಬದಲಿಸುವ ಮೊದಲಿನದೂ ನಂತರದ್ದೂ ಒಂದೇ ಗೆರೆಯಾಗಿ ಕಾಣಬೇಕಾದರೆ ಹಳೆಯ ಸಾಲುಗಳನ್ನು ಹೊಸ ಐಡಿಯೊಂದಿಗೆ ಮತ್ತೆ ಬರೆಯಬೇಕು. ಹಳೆಯ ಮತ್ತು ಹೊಸ ಐಡಿಗಳ ಜೋಡಿಪಟ್ಟಿಯನ್ನು ಬ್ಯಾಕಪ್ ಜೊತೆಗೇ ಉಳಿಸಿಟ್ಟಿದ್ದೇನೆ. ಮೊದಲು ‘ಮೇಲಿನ ವಲಯ’ದ ಅಂಕಿಗಳನ್ನು ಹೀಗೆ ಸಾಗಿಸಿ, ಮೊತ್ತ ತಾಳೆಯಾದರೆ ಉಳಿದ ಐದಕ್ಕೂ ಅದೇ ಕ್ರಮ ಅನುಸರಿಸುತ್ತೇನೆ.